ಅಚ್ಚಿನೊಳಗೆ ಕೋರ್ ಅಲುಗದಂತೆ ನಿಲ್ಲಿಸುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಪಂಪ್, ವಾಲ್ವ್, ಮೋಟಾರ್ ಬಾಡಿಯಂಥ ಟೊಳ್ಳು ಎರಕ ಮಾಡುವವರು ಮಾತಿನಲ್ಲಿ, ಪತ್ರದಲ್ಲಿ ಮತ್ತೆ ಮತ್ತೆ ಕೇಳುವ ಪ್ರಶ್ನೆಗಳು ಇಲ್ಲಿವೆ. ಕೋರ್ ಎಂದರೆ ಎರಕದೊಳಗೆ ಟೊಳ್ಳು ಉಳಿಯಲೆಂದು ಅಚ್ಚಿನ ನಡುವೆ ಇಡುವ ಗಟ್ಟಿ ಮರಳಿನ ತುಂಡು. ಬೇರೆ ಲೋಹ ಎಂದು ಹೇಳದ ಕಡೆಯಲ್ಲೆಲ್ಲ ಹಸಿ ಮರಳಿನ (ಜೇಡಿ, ನೀರು ಬೆರೆಸಿದ, ಸುಡದ ಮರಳಿನ) ಅಚ್ಚಿಗೆ ಹೊಯ್ಯುವ ಎರಕದ ಕಬ್ಬಿಣ, ಅಂದರೆ ಗ್ರೇ ಐರನ್ ಅಥವಾ ಎಸ್‌ಜಿ ಐರನ್ ಎಂದೇ ತಿಳಿಯಿರಿ. ಬೆಳಗಾವಿ, ಶಿವಮೊಗ್ಗದ ಫೌಂಡ್ರಿಗಳಲ್ಲಿ ಹೆಚ್ಚಾಗಿ ನಡೆಯುವುದು ಇದೇ ಕೆಲಸ.

## ಮೊದಲು ತಿಳಿಯಬೇಕಾದದ್ದು

ಕೋರ್ ಮರಳಿನದ್ದು, ಕೈಯಲ್ಲಿ ಎತ್ತಿದರೆ ಭಾರ ಇರುತ್ತೆ. ಅಚ್ಚಲ್ಲಿ ಇಟ್ಟರೆ ತಾನಾಗೇ ಕೂರಲ್ವಾ?

ಅಚ್ಚು ಖಾಲಿ ಇರುವವರೆಗೆ ಕೂರುತ್ತದೆ. ಕಬ್ಬಿಣ ಒಳಗೆ ಬಂದ ಕ್ಷಣ ಲೆಕ್ಕ ತಲೆಕೆಳಗಾಗುತ್ತದೆ. ಕರಗಿದ ಕಬ್ಬಿಣ ಒಂದು ಲೀಟರಿಗೆ ಸುಮಾರು 7 ಕೆ.ಜಿ. ತೂಗಿದರೆ ಕೋರ್ ಮರಳು ತೂಗುವುದು ಸುಮಾರು 1.6 ಕೆ.ಜಿ. ಮಾತ್ರ. ಖಾಲಿ ಕೊಡವನ್ನು ಬಾಯಿ ಮೇಲೆ ಮಾಡಿ ಕೆರೆಯ ನೀರಿಗೆ ಒತ್ತಿ ಹಿಡಿದರೆ ಅದು ಕೈಯನ್ನು ಹೇಗೆ ಮೇಲಕ್ಕೆ ತಳ್ಳುತ್ತದೋ, ಕಬ್ಬಿಣದೊಳಗೆ ಮುಳುಗಿದ ಕೋರ್ ಹಾಗೆಯೇ ಮೇಲಕ್ಕೆ ತಳ್ಳುತ್ತದೆ. ಆ ಒತ್ತಡ ಕೋರ್‌ನ ಸ್ವಂತ ತೂಕದ ಹತ್ತಿರ ಹತ್ತಿರ ಮೂರೂವರೆ ಪಟ್ಟು. 10 ಕೆ.ಜಿ. ಕೋರ್‌ಗೆ 35 ಕೆ.ಜಿ. ಎತ್ತುವ ಬಲ ಬಂತು ಎಂದಾಯಿತು.

ಇದೊಂದು ಮಾತು ಮನಸ್ಸಿನಲ್ಲಿ ಗಟ್ಟಿಯಾದರೆ ಮುಂದಿನದು ಸುಲಭ. ಕೋರ್‌ಗೆ ಮುಖ್ಯ ಆಧಾರ ಬೇಕಾಗುವುದು ಕೆಳಗಲ್ಲ, ಮೇಲೆ. ಅಚ್ಚು ಕೆಳಗೊಂದು, ಮೇಲೊಂದು ಬಾಕ್ಸ್ ಸೇರಿ ಆಗುತ್ತದೆ; ಕೋರ್ ಕೂರಿಸುವಾಗ ಕಣ್ಣಿಗೆ ಕಾಣುವುದು ಕೆಳಗಿನ ಬಾಕ್ಸ್ ಮಾತ್ರ. ಹಾಗಾಗಿ ಎಲ್ಲರ ಗಮನ ಅಲ್ಲೇ ಇರುತ್ತದೆ, ಕೆಡುವುದು ಮೇಲ್ಬಾಕ್ಸ್ ಮುಚ್ಚಿದ ಮೇಲೆ.

ಕೋರ್ ಪ್ರಿಂಟ್ ಯಾವುದು, ಚಾಪ್ಲೆಟ್ ಯಾವುದು? ಎರಡೂ ಆಧಾರವೇ ಅಲ್ವಾ?

ಆಧಾರವೇ, ಆದರೆ ಜಾತಿ ಬೇರೆ. ಪ್ರಿಂಟ್ ಎಂದರೆ ಎರಕದ ಅಳತೆ ಮುಗಿದ ಮೇಲೂ ಕೋರ್ ಮುಂದೆ ಚಾಚಿಕೊಂಡಿರುವ ಭಾಗ. ಪ್ಯಾಟರ್ನ್‌ನಲ್ಲೇ, ಅಂದರೆ ಮರಳಿನಲ್ಲಿ ಅಚ್ಚು ಮೂಡಿಸುವ ಮಾದರಿಯಲ್ಲೇ, ಅದರ ಆಕಾರ ಇರುತ್ತದೆ, ಮರಳಿನಲ್ಲಿ ಅದಕ್ಕೊಂದು ಗೂಡು ಮೂಡುತ್ತದೆ, ಕೋರ್ ಆ ಗೂಡಿನಲ್ಲಿ ಕೂರುತ್ತದೆ. ಅಲ್ಲಿಗೆ ಲೋಹ ಬರುವುದಿಲ್ಲ. ಚಾಪ್ಲೆಟ್ ಎಂದರೆ ಕೋರ್‌ಗೂ ಅಚ್ಚಿನ ಗೋಡೆಗೂ ನಡುವೆ, ಲೋಹ ಬರುವ ಜಾಗದಲ್ಲೇ ಇಡುವ ಸಣ್ಣ ಲೋಹದ ಆನಿಕೆ. ಅದು ಎರಕದೊಳಗೇ ಬೆರೆತು ಉಳಿಯುತ್ತದೆ. ಪೂರ್ತಿ ಬೆರೆಯದಿದ್ದರೆ ಅಲ್ಲೇ ಲೀಕ್, ಅಲ್ಲೇ ಬ್ಲೋ ಹೋಲ್, ಅಂದರೆ ಗ್ಯಾಸ್ ಗುಳ್ಳೆಯ ತೂತು.

ಆದ್ದರಿಂದ ನಮ್ಮ ಅಭಿಪ್ರಾಯ ಸ್ಪಷ್ಟ. ಆಧಾರವನ್ನು ಮೊದಲು ಪ್ರಿಂಟ್‌ನಲ್ಲಿ ಹುಡುಕಿ, ಅಲ್ಲಿ ಸಾಲದೆ ಬಂದಷ್ಟನ್ನು ಮಾತ್ರ ಚಾಪ್ಲೆಟ್‌ಗೆ ಬಿಡಿ. ಪ್ಯಾಟರ್ನ್ ಮಾಡುವ ಮೇಜಿನ ಮೇಲೆ 20 ಮಿ.ಮೀ. ಪ್ರಿಂಟ್ ಕಡಿಮೆ ಮಾಡಿದ್ದಕ್ಕೆ ಅಚ್ಚು ಮಾಡುವ ಮೌಲ್ಡರ್ ವರ್ಷಗಟ್ಟಲೆ ಚಾಪ್ಲೆಟ್ ಇಡುತ್ತಾ ಕೂರಬೇಕಾಗುತ್ತದೆ.

ಪ್ರಿಂಟ್‌ಗೆ ಇನ್ನೊಂದು ಕೆಲಸವೂ ಇದೆ. ಕೋರ್‌ನೊಳಗೆ ಹುಟ್ಟುವ ಗ್ಯಾಸ್ ಹೊರಗೆ ಹೋಗುವ ದಾರಿ ಅದೇ. ಪ್ರಿಂಟ್ ಕಿರಿದು ಮಾಡಿ ಚಾಪ್ಲೆಟ್ ಹೆಚ್ಚಿಸಿದರೆ ಆ ದಾರಿಯೂ ಕಿರಿದಾಗುತ್ತದೆ.

ಪ್ರಿಂಟ್‌ಗಳಲ್ಲಿ ಎಷ್ಟು ಥರ? ಯಾವುದನ್ನ ಯಾವಾಗ ಹಾಕೋದು?

ಮಲಗಿದ ಕೋರ್‌ಗೆ ಎರಡೂ ತುದಿಯಲ್ಲಿ ಪ್ರಿಂಟ್; ಪೈಪ್, ಬುಷ್, ವಾಲ್ವ್ ಬಾಡಿಗೆ ಇದೇ. ನಿಂತ ಕೋರ್‌ಗೆ ಕೆಳಗೊಂದು, ಮೇಲೊಂದು. ಮೇಲಿನ ಪ್ರಿಂಟ್‌ಗೆ ಇಳಿಜಾರು ಹೆಚ್ಚು ಬೇಕು, ಸುಮಾರು 10ರಿಂದ 15 ಡಿಗ್ರಿ. ಮೇಲ್ಬಾಕ್ಸ್ ಇಳಿಸುವಾಗ ಕಣ್ಣಿಗೆ ಕಾಣದೆ ಕೂರಬೇಕಲ್ಲ, ಇಳಿಜಾರು ಕಡಿಮೆಯಾದರೆ ಮರಳು ಕೆರೆದು ಒಳಗೆ ಬೀಳುತ್ತದೆ. ಒಂದೇ ತುದಿಯಲ್ಲಿ ಹಿಡಿದು ಇನ್ನೊಂದು ತುದಿ ಗಾಳಿಯಲ್ಲಿರುವ ಕೋರ್‌ನ ಮಾತು ಮುಂದೆ ಬೇರೆಯಾಗಿ ಬರುತ್ತದೆ. ಬಾಕ್ಸ್ ಸೇರುವ ಗೆರೆಯ ಮೇಲೆ ತೋಳು ಚಾಚಿ ನೇತಾಡುವ ಕೋರ್‌ಗೆ ಆ ತೋಳೇ ಪ್ರಿಂಟ್.

ದುಂಡಗಿನ ಪ್ರಿಂಟ್ ಎಲ್ಲಿದ್ದರೂ ಒಂದು ಬದಿ ಚಪ್ಪಟೆ ಮಾಡಿ, ಇಲ್ಲವೇ ಒಂದು ಕೀ ಕೊಡಿ. ಇಲ್ಲದಿದ್ದರೆ ಕೋರ್ ತಿರುಗಿ ಕೂರುತ್ತದೆ, ಒಳಗಿನ ಪೋರ್ಟ್ ಜಾಗ ತಪ್ಪುತ್ತದೆ, ಅದು ಗೊತ್ತಾಗುವುದು ಮಷೀನಿಂಗ್‌ನಲ್ಲಿ.

ಚಾಪ್ಲೆಟ್ ಕೇಳಿದರೆ ಹತ್ತು ಥರ ತೋರಿಸ್ತಾರೆ. ನಮಗೆ ಯಾವುದು?

ನಿಜವಾಗಿ ಮೂರು ಬಗೆ ಗೊತ್ತಿದ್ದರೆ ಸಾಕು. ಎರಡು ತಲೆಯದು: ನಡುವೆ ಕಡ್ಡಿ, ಎರಡು ತುದಿಗೂ ತಗಡು. ಇದರ ಎತ್ತರ ಗೋಡೆಯ ದಪ್ಪಕ್ಕೆ ಸರಿಯಾಗಿರಬೇಕು. ಒಂದು ತಲೆಯದು: ತಗಡು ಕೋರ್‌ಗೆ ತಾಗುತ್ತದೆ, ಕಡ್ಡಿ ಮರಳಿನೊಳಗೆ ಹೋಗುತ್ತದೆ. ಬೇಕೆಂದರೆ ಕಡ್ಡಿಯನ್ನು ಬಾಕ್ಸ್‌ನ ಅಡ್ಡಪಟ್ಟಿಯವರೆಗೂ ತಂದು ಆನಿಸಬಹುದು, ಎರಕದಿಂದ ಹೊರಗೆ ಉಳಿದದ್ದನ್ನು ಫೆಟ್ಲಿಂಗ್‌ನಲ್ಲಿ, ಅಂದರೆ ಎರಕ ಶುಚಿ ಮಾಡುವಾಗ, ಕತ್ತರಿಸುತ್ತಾರೆ. ಮೂರನೆಯದು ತೂತು ತೂತಾದ ತೆಳು ತಗಡನ್ನು ಮಡಚಿ ಮಾಡಿದ್ದು. ತೆಳು ಗೋಡೆಯ ಎರಕಕ್ಕೆ, ಹಗುರ ಕೋರ್‌ಗೆ. ಲೋಹ ತೂತುಗಳ ಮೂಲಕ ಹರಿಯುವುದರಿಂದ ಬೇಗ ಬೆರೆಯುತ್ತದೆ, ಆದರೆ ಭಾರ ತಡೆಯುವುದಿಲ್ಲ.

ಕಬ್ಬಿಣದ ಎರಕಕ್ಕೆ ಕಡಿಮೆ ಇಂಗಾಲದ ಉಕ್ಕಿನದು, ತವರದ ಲೇಪ ಇರುವುದು ಬೇಕು. ಕಡ್ಡಿಯ ಮೇಲೆ ಕಚ್ಚು ಅಥವಾ ಗೀರು ಇರುವುದನ್ನೇ ಆರಿಸಿ. ಚೂಪಾದ ಏಣುಗಳು ಮೊದಲು ಬಿಸಿಯಾಗಿ ಕರಗಿ ಹಿಡಿಯುತ್ತವೆ, ಕಡ್ಡಿಯುದ್ದಕ್ಕೂ ನೀರು ಜಿನುಗುವ ದಾರಿಯೂ ಅಲ್ಲಲ್ಲಿ ತುಂಡಾಗುತ್ತದೆ.

ಚಾಪ್ಲೆಟ್ ಮುಗಿದಿದೆ, ಮೊಳೆನೋ ಜಿಐ ತಗಡಿನ ಚೂರೋ ಇಟ್ಟರೆ ಆಗಲ್ವಾ?

ಜಿಐ ತಗಡು ಬೇಡವೇ ಬೇಡ. ಅದರ ಮೇಲಿನ ಸತು 907 ಡಿಗ್ರಿಗೆ ಕುದಿಯುತ್ತದೆ, ನಿಮ್ಮ ಕಬ್ಬಿಣ ಬರುವುದು 1350ರ ಮೇಲೆ. ಸತು ಆವಿಯಾಗಿ ಸುತ್ತ ಗುಳ್ಳೆ ಬಿಡುತ್ತದೆ, ಆ ಹೊಗೆ ಹೊಯ್ಯುವವರ ಎದೆಗೂ ಕೆಟ್ಟದ್ದು. ತವರ 232 ಡಿಗ್ರಿಗೆ ಕರಗಿದರೂ ಕುದಿಯಲು 2600ರ ಹತ್ತಿರ ಬೇಕು, ಅದಕ್ಕೇ ಅದು ಲೇಪಕ್ಕೆ ಸರಿ. ಮೊಳೆಯ ತೊಂದರೆ ಬೇರೆ. ತಲೆ ಚಿಕ್ಕದು, ಹಸಿ ಮರಳಿನಲ್ಲಿ ಸೂಜಿಯಂತೆ ಇಳಿದುಹೋಗುತ್ತದೆ. ತುಕ್ಕು ಹಿಡಿದ ಚೂರು ಎಷ್ಟೇ ದಪ್ಪವಿದ್ದರೂ ಇಡಬಾರದು.

## ಲೆಕ್ಕ

ಎಷ್ಟು ಬಲ ಬರುತ್ತೆ ಅಂತ ಕಾಗದದ ಮೇಲೆ ಹೇಗೆ ತೆಗೆಯೋದು? ಉದಾಹರಣೆ ಕೊಡಿ.

ಲೋಹದಲ್ಲಿ ಮುಳುಗುವ ಕೋರ್ ಭಾಗದ ಘನ ಅಳತೆ ತೆಗೆಯಿರಿ. ಅದನ್ನು ಲೋಹದ ಸಾಂದ್ರತೆಯಿಂದ ಗುಣಿಸಿ, ಪ್ರಿಂಟ್ ಸೇರಿದಂತೆ ಇಡೀ ಕೋರ್‌ನ ತೂಕ ಕಳೆಯಿರಿ. ಉಳಿದದ್ದು ಮೇಲಕ್ಕೆ ಎತ್ತುವ ಬಲ.

ಒಂದು ಪಂಪ್ ಬಾಡಿಯಂಥ ಕೋರ್ ಹಿಡಿಯೋಣ. ಹೊಟ್ಟೆ 200 ಮಿ.ಮೀ. ವ್ಯಾಸ, 300 ಮಿ.ಮೀ. ಉದ್ದ, ಎರಡೂ ತುದಿಯಲ್ಲಿ 50 ಮಿ.ಮೀ. ವ್ಯಾಸದ, 50 ಮಿ.ಮೀ. ಉದ್ದದ ಪ್ರಿಂಟ್. ಹೊಟ್ಟೆಯ ಘನ ಅಳತೆ 9425 ಘನ ಸೆಂ.ಮೀ. ಅದು ತಳ್ಳಿ ಜಾಗ ಮಾಡಿಕೊಳ್ಳುವ ಕಬ್ಬಿಣ 66 ಕೆ.ಜಿ. ಹೊಟ್ಟೆಯ ತೂಕ 15.1, ಪ್ರಿಂಟ್‌ಗಳದ್ದು 0.3 ಕೆ.ಜಿ. ಉಳಿದದ್ದು 50.6 ಕೆ.ಜಿ., ಅಂದರೆ ಸುಮಾರು 496 ನ್ಯೂಟನ್.

ಈಗ ಪ್ರಿಂಟ್ ಎಷ್ಟು ತಡೆಯುತ್ತದೆ? ಹಸಿ ಮರಳಿಗೆ ಪ್ರತಿ ಚದರ ಸೆಂ.ಮೀ.ಗೆ 3.5 ನ್ಯೂಟನ್ ಎಂದು ಹಿಡಿಯುವುದು ರೂಢಿ. ಮೇಲಿನಿಂದ ನೋಡಿದರೆ ಕಾಣುವ ಹರವು ಲೆಕ್ಕಕ್ಕೆ: 5 × 5 × 2 = 50 ಚದರ ಸೆಂ.ಮೀ. ತಡೆಯುವುದು 175 ನ್ಯೂಟನ್. ಕೊರತೆ 321 ನ್ಯೂಟನ್. ಈ ಕೋರ್ ಪ್ರಿಂಟ್ ಒಂದರ ಮೇಲೆಯೇ ನಿಲ್ಲುವುದಿಲ್ಲ. ಮೇಲ್ಬಾಕ್ಸ್‌ನ ಗೂಡು ಪುಡಿಯಾಗಿ ಕೋರ್ ಮೇಲೇಳುತ್ತದೆ.

ಹಾಗಾದರೆ ಆ ಕೋರ್‌ಗೆ ಎಷ್ಟು ಚಾಪ್ಲೆಟ್ ಬೇಕು?

ಪ್ರಿಂಟ್ ಹೊರದೆ ಉಳಿದ ಪ್ರತಿ ನ್ಯೂಟನ್‌ಗೆ 29 ಚದರ ಮಿ.ಮೀ. ಚಾಪ್ಲೆಟ್ ತಲೆ ಬೇಕೆನ್ನುವುದು ಫೌಂಡ್ರಿಯವರು ಬಳಸುವ ಸೂತ್ರ. ಗಮನಿಸಿ, ಇದು ಮೇಲೆ ಹೇಳಿದ 3.5 ನ್ಯೂಟನ್ ಲೆಕ್ಕವನ್ನೇ ತಿರುಗಿಸಿ ಹೇಳಿದ್ದು. ತೂತಾಗುವುದು ಚಾಪ್ಲೆಟ್ ಅಲ್ಲ, ಅದರ ಹಿಂದಿನ ಮರಳು. 321ಕ್ಕೆ ಸುಮಾರು 9300 ಚದರ ಮಿ.ಮೀ. ಬೇಕು. 30 × 30 ತಲೆಯದಾದರೆ 11, 50 × 50 ತಲೆಯದಾದರೆ 4. ಇವೆಲ್ಲ ಮೇಲಿನ ಬದಿಗೆ.

ಕೆಳಗಿನ ಬದಿಯ ಲೆಕ್ಕ ಮಾಡಿದರೆ ಆಶ್ಚರ್ಯವಾಗುತ್ತದೆ. ಖಾಲಿ ಅಚ್ಚಿನಲ್ಲಿ ಕೋರ್ ತೂಗುವುದು 15.4 ಕೆ.ಜಿ., ಸುಮಾರು 151 ನ್ಯೂಟನ್. ಪ್ರಿಂಟ್‌ಗಳೇ ಅಷ್ಟನ್ನು ಹೊರುತ್ತವೆ. ಹೊಟ್ಟೆ ಜೋಲದಿರಲಿ ಎಂದು ಎರಡು ಚಾಪ್ಲೆಟ್ ಇಟ್ಟರೆ ಆಯಿತು. ಕೆಳಗೆ ಆರು, ಮೇಲೆ ಎರಡು ಇಟ್ಟ ಅಚ್ಚು ಕಂಡರೆ ಅಲ್ಲಿ ಲೆಕ್ಕ ತಲೆಕೆಳಗಾಗಿದೆ ಎಂದೇ ತಿಳಿಯಿರಿ.

ಒಂದು ಗೋಡೆಯಲ್ಲಿ 11 ಚಾಪ್ಲೆಟ್ ಎಂದರೆ ಲೀಕ್‌ಗೆ 11 ಅವಕಾಶ. ಅದನ್ನು ಇಳಿಸಲು ಎರಡು ದಾರಿ. ಪ್ರಿಂಟ್ ಅನ್ನು 80 ಮಿ.ಮೀ. ವ್ಯಾಸ, 60 ಮಿ.ಮೀ. ಉದ್ದಕ್ಕೆ ಬೆಳೆಸಿದರೆ ಹರವು 96 ಚದರ ಸೆಂ.ಮೀ., ತಡೆಯುವುದು 336 ನ್ಯೂಟನ್. ಪ್ರಿಂಟ್‌ನ ತೂಕವೂ ಕೂಡಿ ಕೊರತೆ 154ಕ್ಕೆ ಇಳಿಯುತ್ತದೆ, 30 × 30ರವು ಐದು ಸಾಕು. ಇನ್ನೊಂದು ದಾರಿ, ಚಾಪ್ಲೆಟ್ ಒತ್ತುವ ಜಾಗದಲ್ಲಿ ಹಸಿ ಮರಳಿನ ಬದಲು ಗಟ್ಟಿ ಕೋರ್ ಮರಳಿನ ಬಿಲ್ಲೆ ಕೂರಿಸುವುದು. 80 ಮಿ.ಮೀ. ಅಗಲದ ಬಿಲ್ಲೆಯನ್ನು ಮೌಲ್ಡಿಂಗ್ ಹೊತ್ತಿನಲ್ಲೇ ಪ್ಯಾಟರ್ನ್ ಮೇಲಿಟ್ಟು ಮರಳು ತುಂಬಿದರೆ ಚಾಪ್ಲೆಟ್‌ನ ಭಾರ ಅಷ್ಟು ಅಗಲಕ್ಕೆ ಹಂಚಿಹೋಗುತ್ತದೆ, ಎರಕದೊಳಗೆ ಹೋಗುವ ತಲೆ ಚಿಕ್ಕದೇ ಇರಬಹುದು.

ನಿಂತ ಕೋರ್‌ಗೂ ಇದೇ ಲೆಕ್ಕನಾ?

ಇಲ್ಲ, ಇಲ್ಲಿ ಎಡವುವವರು ಬಹಳ. ಎತ್ತುವ ಬಲ ಹುಟ್ಟುವುದು ಲೋಹ ಕೋರ್‌ನ ಅಡಿಗೆ ತಾಗಿದಾಗ. ನೇರ ಸಿಲಿಂಡರ್ ಆಕಾರದ ಕೋರ್ ಕೆಳಗಿನ ಪ್ರಿಂಟ್‌ನಲ್ಲಿ ಬಿಗಿಯಾಗಿ ಕೂತಿದ್ದರೆ ಲೋಹಕ್ಕೆ ಅಡಿ ಸಿಗುವುದೇ ಇಲ್ಲ. ಬದಿಯಿಂದ ಬರುವ ಒತ್ತಡ ಒಂದನ್ನೊಂದು ಸರಿದೂಗಿಸುತ್ತದೆ. ಅಂಥ ಕೋರ್ ಮೇಲೇಳುವುದಿಲ್ಲ.

ಆದರೆ ಎರಡು ಷರತ್ತು. ಕೋರ್‌ಗೆ ನಡುವೆ ಹೊಟ್ಟೆ ಇದ್ದರೆ, ಪ್ರಿಂಟ್‌ಗಿಂತ ಹೊರಗೆ ಚಾಚಿದ ಆ ಉಂಗುರದ ಅಡಿಗೆ ಲೋಹ ತಾಗಿ ಎತ್ತುತ್ತದೆ. ಆ ಉಂಗುರದ ಹರವು ಮತ್ತು ಅದರ ಮೇಲೆ ನಿಂತ ಲೋಹದ ಎತ್ತರ ಹಿಡಿದು ಲೆಕ್ಕ ಹಾಕಬೇಕು. ಎರಡನೆಯದು, ಪ್ರಿಂಟ್ ಸಡಿಲವಾಗಿ ಲೋಹ ಅಡಿಗೆ ನುಗ್ಗಿದರೆ ಇಲ್ಲದ ಬಲ ಒಂದೇ ಸಲ ಹುಟ್ಟಿ ಕೋರ್ ಚಿಮ್ಮುತ್ತದೆ. ಕೆಳಗಿನ ಪ್ರಿಂಟ್ ಸುತ್ತ ಕೋರ್ ಪೇಸ್ಟ್ ಅಥವಾ ಸೀಲಿಂಗ್ ಹುರಿ ಹಾಕುವುದು ಇದಕ್ಕೇ.

ಒಂದೇ ಕಡೆ ಪ್ರಿಂಟ್ ಇರೋ ಕೋರ್, ಇನ್ನೊಂದು ತುದಿ ಗಾಳಿಯಲ್ಲಿ. ಪ್ರಿಂಟ್ ಎಷ್ಟು ಉದ್ದ ಬೇಕು?

ಹೊರಗೆ ಚಾಚಿದಷ್ಟಕ್ಕಿಂತ ಕಡಿಮೆಯಂತೂ ಬೇಡ. ಖಾಲಿ ಅಚ್ಚಿನಲ್ಲಿ ಮೂತಿ ಕೆಳಗೆ ಜೋಲದಿರಲು ಪ್ರಿಂಟ್‌ನ ತೂಕ ಹೆಚ್ಚಿರಬೇಕು. ಉದ್ದಕ್ಕೆ ಜಾಗವಿಲ್ಲದಿದ್ದರೆ ಪ್ರಿಂಟ್ ಅನ್ನು ದಪ್ಪ ಮಾಡಿ. ಲೋಹ ಬಂದಾಗ ಮೂತಿ ಮೇಲಕ್ಕೇಳುತ್ತದೆ, ಪ್ರಿಂಟ್‌ನ ಒಳಬಾಯಿ ಮೇಲ್ಬಾಕ್ಸ್‌ನ ಮರಳನ್ನು ಒತ್ತುತ್ತದೆ, ಹಿಂದಿನ ತುದಿ ಕೆಳಗಿನ ಮರಳನ್ನು ಒತ್ತುತ್ತದೆ. ಭಾರವೆಲ್ಲ ಒಳಬಾಯಿಯ ಅಂಚಿಗೆ ಬೀಳುವುದರಿಂದ ಅಲ್ಲಿ ಮರಳು ಚೆನ್ನಾಗಿ ಗಟ್ಟಿಸಿರಬೇಕು. ಮೂತಿಯ ಮೇಲೆ ಒಂದು ಚಾಪ್ಲೆಟ್ ಇಟ್ಟರೆ ಬಹುಪಾಲು ಚಿಂತೆ ತಪ್ಪುತ್ತದೆ.

## ಕೂರಿಸುವ ಹೊತ್ತಿನಲ್ಲಿ

ಮೇಲ್ಬಾಕ್ಸ್ ಮುಚ್ಚಿದ ಮೇಲೆ ಚಾಪ್ಲೆಟ್ ತಾಗಿದೆಯೋ ಇಲ್ಲವೋ ಹೇಗೆ ಗೊತ್ತಾಗೋದು?

ಜೇಡಿಮಣ್ಣಿನ ಉಂಡೆಯಿಂದ. ಮಕ್ಕಳು ಆಡುವ ಎಣ್ಣೆಮಣ್ಣು ಇನ್ನೂ ಒಳ್ಳೆಯದು, ಒಣಗುವುದಿಲ್ಲ. ಗೋಡೆಯ ದಪ್ಪಕ್ಕಿಂತ 3–4 ಮಿ.ಮೀ. ಎತ್ತರದ ಉಂಡೆ ಮಾಡಿ, ಚಾಪ್ಲೆಟ್ ಇಡುವ ಜಾಗಗಳ ಪಕ್ಕದಲ್ಲೇ ಕೋರ್ ಮೇಲೆ ಇಡಿ. ನೆತ್ತಿಗೆ ಗ್ರಾಫೈಟ್ ಪುಡಿ ಉದುರಿಸಿ, ಇಲ್ಲದಿದ್ದರೆ ಮೇಲ್ಬಾಕ್ಸ್‌ನ ಮರಳಿಗೆ ಅಂಟಿಕೊಂಡು ಬರುತ್ತದೆ. ಮೇಲ್ಬಾಕ್ಸ್ ಪಿನ್ ಮೇಲೆ ನೇರ ಇಳಿಸಿ, ಪೂರ್ತಿ ಕೂರಿಸಿ, ಮತ್ತೆ ನೇರ ಎತ್ತಿ. ಉಂಡೆ ಚಪ್ಪಟೆಯಾಗಿ ನಿಂತಿರುತ್ತದೆ, ನೆತ್ತಿಯಲ್ಲಿ ಮರಳಿನ ಕಾಳುಗಳ ಗುರುತು ಕಾಣುತ್ತದೆ. ಬ್ಲೇಡಿನಿಂದ ನಡುವೆ ಸೀಳಿ ವರ್ನಿಯರ್ ಹಿಡಿಯಿರಿ. ಅದೇ ಆ ಜಾಗದ ನಿಜವಾದ ಗೋಡೆ.

ಚಾಪ್ಲೆಟ್ ಅದಕ್ಕಿಂತ ಕಾಲು ಮಿ.ಮೀ.ನಷ್ಟು ಎತ್ತರವಿದ್ದು ಹಸಿ ಮರಳನ್ನು ಸ್ವಲ್ಪ ಕಚ್ಚಿದರೆ ಒಳ್ಳೆಯದು. ಒಂದು ಮಿ.ಮೀ. ಎತ್ತರವಾದರೆ ಮರಳು ಉದುರುತ್ತದೆ ಅಥವಾ ಕೋರ್ ಬಿರಿಯುತ್ತದೆ. ಅರ್ಧ ಮಿ.ಮೀ. ಗಿಡ್ಡವಾದರೆ ಕೋರ್ ಅಷ್ಟು ಮೇಲೇಳುತ್ತದೆ. ಮೇಲಿನ ಗೋಡೆ ಅರ್ಧ ಇಳಿದು ಕೆಳಗಿನದು ಅರ್ಧ ಏರಿ, ಎರಡರ ನಡುವೆ ಒಂದು ಮಿ.ಮೀ. ವ್ಯತ್ಯಾಸ. ಗಟ್ಟಿ ಅಚ್ಚಿಗೆ, ಅಂದರೆ ಓವನ್‌ಗೆ ಹಾಕದೆ ರಾಳದಿಂದ ಗಟ್ಟಿಯಾಗುವ ನೋ ಬೇಕ್ ಅಥವಾ ಕಾರ್ಬನ್ ಡೈಆಕ್ಸೈಡ್ ಹಾಯಿಸಿ ಗಟ್ಟಿ ಮಾಡಿದ ಮರಳಿಗೆ, ಕಚ್ಚುವ ಅಳತೆ ಕೊಡಬೇಡಿ, ಅಲ್ಲಿ ಬಿಟ್ಟುಕೊಡುವುದು ಕೋರ್ ಮಾತ್ರ. ಹೊಸ ಪ್ಯಾಟರ್ನ್‌ಗೆ ಮೊದಲ ಐದು ಅಚ್ಚಿಗೂ ಈ ಪರೀಕ್ಷೆ ಮಾಡಿ.

ಕೆಳಗಿಟ್ಟ ಚಾಪ್ಲೆಟ್ ಎರಕದಲ್ಲಿ ಬೇರೆಲ್ಲೋ ಸಿಗುತ್ತೆ. ಹೇಗೆ ಓಡಿಹೋಗುತ್ತೆ?

ಲೋಹ ಬಂದಾಗ ಕೋರ್ ಕೂದಲೆಳೆಯಷ್ಟು ಮೇಲೇಳುತ್ತದೆ. ಅಲ್ಲಿಗೆ ಕೆಳಗಿನ ಚಾಪ್ಲೆಟ್‌ನ ಮೇಲಿನ ಭಾರ ಹೋಯಿತು, ಎರಡು ತಲೆಯದಾದರೆ ಹರಿವಿನ ಜೊತೆ ಹೊರಡುತ್ತದೆ. ಕೆಳಗೆ ಯಾವಾಗಲೂ ಕಡ್ಡಿ ಮರಳಿಗೆ ಚುಚ್ಚುವ ಒಂದು ತಲೆಯದನ್ನೇ ಬಳಸಿ. ಮೇಲಿನವನ್ನು ಕೋರ್ ಮೇಲೆ ಒಂದು ಚುಕ್ಕೆ ಕೋರ್ ಪೇಸ್ಟ್‌ನಿಂದ ಅಂಟಿಸಿ, ಪೇಸ್ಟ್ ಪೂರ್ತಿ ಒಣಗಿಸಿ. ಹಸಿ ಪೇಸ್ಟ್ ಎಂದರೆ ಗ್ಯಾಸ್.

ಬೇಸಿಗೆಯಲ್ಲಿ ಏನೂ ಇರಲ್ಲ. ಮಳೆಗಾಲ ಶುರುವಾದರೆ ಚಾಪ್ಲೆಟ್ ಸುತ್ತ ಬ್ಲೋ ಹೋಲ್. ಯಾಕೆ?

ಬೆಳಗಾವಿಯಂಥ ಮಳೆಯೂರಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇದು ಪ್ರತಿ ವರ್ಷದ ಗೋಳು. ಕಾರಣ ಎರಡು, ಎರಡೂ ಕಣ್ಣಿಗೆ ಕಾಣದಷ್ಟು ಸಣ್ಣವು. ಒಂದು, ತೇವ. ಹಸಿ ಮರಳಿನ ಅಚ್ಚಿನೊಳಗಿನ ಗಾಳಿ ನೀರಾವಿಯಿಂದ ತುಂಬಿರುತ್ತದೆ, ತಣ್ಣಗಿನ ಉಕ್ಕಿನ ತುಂಡಿನ ಮೇಲೆ ಅದು ಇಬ್ಬನಿಯಂತೆ ಕೂರುತ್ತದೆ. ಎರಡು, ತುಕ್ಕು. ತುಕ್ಕಿನಲ್ಲಿರುವ ಆಮ್ಲಜನಕ ಕರಗಿದ ಕಬ್ಬಿಣದ ಇಂಗಾಲದೊಡನೆ ಸೇರಿ ಕಾರ್ಬನ್ ಮಾನಾಕ್ಸೈಡ್ ಆಗುತ್ತದೆ, ಆ ಗುಳ್ಳೆ ಕಡ್ಡಿಯ ಪಕ್ಕದಲ್ಲೇ ಸಿಕ್ಕಿಕೊಳ್ಳುತ್ತದೆ.

ಚಾಪ್ಲೆಟ್ ಡಬ್ಬಿಯನ್ನು ಮರಳಿನ ರಾಶಿಯ ಪಕ್ಕ ತೆರೆದಿಡಬೇಡಿ. ಆ ದಿನಕ್ಕೆ ಬೇಕಾದಷ್ಟನ್ನೇ ತೆಗೆದು, 120 ಡಿಗ್ರಿಯ ಓವನ್‌ನಲ್ಲಿ ಒಂದು ಗಂಟೆ ಇಟ್ಟು, ಬೆಚ್ಚಗಿರುವಾಗಲೇ ಕೂರಿಸಿ. ಗ್ಯಾಸ್ ಟಾರ್ಚ್ ಹಿಡಿಯುವವರಿದ್ದಾರೆ. 232 ಡಿಗ್ರಿ ದಾಟಿದರೆ ತವರ ಕರಗಿ ಒಂದೆಡೆ ಹನಿಗಟ್ಟಿ ಉಳಿದ ಜಾಗ ಬೋಳಾಗುತ್ತದೆ, ಬೋಳು ಉಕ್ಕಿಗೆ ತುಕ್ಕು ಬೇಗ. ಎಣ್ಣೆಗೈಯಲ್ಲಿ ಮುಟ್ಟಬಾರದು. ಎಲ್ಲಕ್ಕಿಂತ ಮುಖ್ಯ, ಚಾಪ್ಲೆಟ್ ಕೂರಿಸಿದ ಅಚ್ಚನ್ನು ಅದೇ ಪಾಳಿಯಲ್ಲಿ ಹೊಯ್ಯಿರಿ. ಸಂಜೆ ಮುಚ್ಚಿ ಬೆಳಿಗ್ಗೆ ಹೊಯ್ದ ಅಚ್ಚುಗಳನ್ನು ಬೇರೆ ಗುರುತು ಹಾಕಿ ಎಣಿಸಿ ನೋಡಿ, ರಿಜೆಕ್ಷನ್ ಎಲ್ಲಿಂದ ಬರುತ್ತಿದೆ ಎಂದು ತಿಳಿಯುತ್ತದೆ.

ಪ್ರಿಂಟ್‌ಗೂ ಕೋರ್‌ಗೂ ನಡುವೆ ಎಷ್ಟು ಸಡಿಲ ಬಿಡಬೇಕು?

ಸಣ್ಣ ಕೋರ್‌ಗೆ ಪ್ರತಿ ಬದಿ ಕಾಲು ಮಿ.ಮೀ.ನಿಂದ ಅರ್ಧ ಮಿ.ಮೀ., 300 ಮಿ.ಮೀ. ದಾಟಿದ್ದಕ್ಕೆ ಒಂದು ಮಿ.ಮೀ.ವರೆಗೆ. ಮೇಲಿನ ಸಡಿಲವಷ್ಟೂ ಕೋರ್ ಮೇಲೇಳುವ ಅಳತೆ ಎಂದು ನೆನಪಿಡಿ. ಪ್ರಿಂಟ್‌ನ ಒಳ ಮೂಲೆಯಲ್ಲಿ ಉದುರಿದ ಮರಳು ಕೂರಲು ಒಂದು ಸಣ್ಣ ತೋಡು ಕೊಡಿ. ಇಲ್ಲದಿದ್ದರೆ ನಾಲ್ಕು ಕಾಳು ಮರಳೇ ಕೋರ್ ಅನ್ನು ಎತ್ತಿ ಹಿಡಿಯುತ್ತದೆ.

ಚಾಪ್ಲೆಟ್ ಎಲ್ಲಿ ಇಡಬೇಕು, ಎಲ್ಲಿ ಇಡಬಾರದು?

ಲೋಹ ಅಚ್ಚಿನೊಳಗೆ ಬರುವ ಬಾಯಿಯ, ಅಂದರೆ ಇನ್‌ಗೇಟ್‌ನ ನೇರ ಎದುರು ಬೇಡ, ಬಿಸಿ ಲೋಹ ಒಂದೇ ಸಮ ಬಡಿದು ಗೋಡೆ ಗಟ್ಟಿಯಾಗುವ ಮೊದಲೇ ಕಡ್ಡಿ ಕರಗುತ್ತದೆ. ಲೋಹ ಕೊನೆಗೆ, ತಣ್ಣಗಾಗಿ ತಲುಪುವ ಮೂಲೆಯೂ ಬೇಡ, ಅಲ್ಲಿ ಬೆರೆಯುವುದಿಲ್ಲ. ಮಷೀನಿಂಗ್ ಆಗುವ ಮುಖ, ಥ್ರೆಡ್, ವಾಲ್ವ್ ಸೀಟ್, ಗ್ಯಾಸ್ಕೆಟ್ ಕೂರುವ ಜಾಗ ಬಿಟ್ಟುಬಿಡಿ. ದುಂಡು ಕೋರ್‌ಗೆ ತಗಡನ್ನು ಅದೇ ಬಾಗಿಗೆ ಬಗ್ಗಿಸಿ, ಇಲ್ಲದಿದ್ದರೆ ಎರಡು ಅಂಚು ಮಾತ್ರ ತಾಗಿ ಕೋರ್‌ಗೆ ಗೀರು ಬೀಳುತ್ತದೆ.

## ಎರಕ ಕೆಟ್ಟಾಗ

ನೀರಿನ ಒತ್ತಡ ಕೊಟ್ಟು ನೋಡುವ ಹೈಡ್ರೋ ಟೆಸ್ಟ್‌ನಲ್ಲಿ ಚಾಪ್ಲೆಟ್ ಸುತ್ತ ಬೆವರುತ್ತೆ. ಲೋಹ ಇನ್ನೂ ಬಿಸಿ ಮಾಡಬೇಕಾ?

ಮೊದಲು ನೋಡಿ, ಆಮೇಲೆ ಬಿಸಿ ಮಾಡಿ. ಕೆಟ್ಟ ಎರಕದಲ್ಲಿ ಚಾಪ್ಲೆಟ್ ನಡುವೆಯೇ ಗರಗಸ ಹಾಕಿ ಸೀಳಿ. ಮುಖವನ್ನು ಒರಟಿನಿಂದ ನಯದವರೆಗೆ ಎಮರಿ ಕಾಗದದಲ್ಲಿ ತಿಕ್ಕಿ, ಆಲ್ಕೋಹಾಲ್‌ನಲ್ಲಿ 2–5 ಶೇಕಡ ನೈಟ್ರಿಕ್ ಆಮ್ಲ ಬೆರೆಸಿದ್ದನ್ನು ಹತ್ತಿಯಲ್ಲಿ ಒರೆಸಿ; ಕೈಗವಸು, ಕನ್ನಡಕ ಇರಲಿ. ಕಡ್ಡಿಯ ಸುತ್ತ ಕಪ್ಪು ಗೆರೆ ಪೂರ್ತಿ ಕಂಡರೆ ಬೆರೆತೇ ಇಲ್ಲ. ಗೆರೆ ಅಲ್ಲಲ್ಲಿ ತುಂಡಾಗಿದ್ದರೆ ಅರೆಬರೆ ಬೆರೆತಿದೆ. ಗೆರೆಯ ಜೊತೆ ದುಂಡು ಗುಳ್ಳೆಗಳಿದ್ದರೆ ತೊಂದರೆ ತೇವ ಅಥವಾ ತುಕ್ಕಿನದು, ಬಿಸಿ ಏರಿಸಿ ಪ್ರಯೋಜನವಿಲ್ಲ.

ಕಡ್ಡಿಯ ಉಕ್ಕು ಕರಗಲು 1500 ಡಿಗ್ರಿ ಹತ್ತಿರ ಬೇಕು, ಗ್ರೇ ಐರನ್ ಬರುವುದು 1350–1420ಕ್ಕೆ. ಹಾಗಿದ್ದೂ ಬೆರೆಯುವುದು ಹೇಗೆಂದರೆ, ಕಬ್ಬಿಣದಲ್ಲಿರುವ ಇಂಗಾಲ ಉಕ್ಕಿನ ಮೇಲ್ಪದರಕ್ಕೆ ಇಳಿದು ಅದು ಕರಗುವ ಉಷ್ಣತೆಯನ್ನೇ ತಗ್ಗಿಸುತ್ತದೆ. ಇದಕ್ಕೆ ಹೊತ್ತು ಬೇಕು. ತೆಳು ಗೋಡೆಯಲ್ಲಿ ದಪ್ಪ ಕಡ್ಡಿ ಇಟ್ಟರೆ ಆ ಹೊತ್ತು ಸಿಗುವುದೇ ಇಲ್ಲ, ಸುತ್ತಲ ಲೋಹ ಮೊದಲೇ ಹೆಪ್ಪುಗಟ್ಟುತ್ತದೆ. ಕಡ್ಡಿ ತೆಳು ಮಾಡಿ, ಕಚ್ಚು ಇರುವುದನ್ನು ಹಾಕಿ, ಸಾಧ್ಯವಾದರೆ ಚಾಪ್ಲೆಟ್ ಇರುವ ಜಾಗದಲ್ಲಿ ಗೋಡೆಗೆ ಒಂದು ಉಬ್ಬು ಕೊಡಿ.

ಚಾಪ್ಲೆಟ್ ಹತ್ತಿರ ಟೂಲ್ ಬಾಯಿ ಮುರಿಯುತ್ತೆ.

ತಣ್ಣನೆಯ ಉಕ್ಕು ಸುತ್ತಲ ಕಬ್ಬಿಣವನ್ನು ಗಕ್ಕನೆ ತಣಿಸಿ ಬಿಳಿ ಕಬ್ಬಿಣ ಮಾಡಿದೆ. ಬೆಚ್ಚಗೆ ಮಾಡಿ ಇಡಿ, ಚಿಕ್ಕದು ಹಾಕಿ, ಆ ಮುಖದಿಂದ ದೂರ ಸರಿಸಿ.

ಪೈಪ್‌ನ ಗೋಡೆ ತುದಿಗಳಲ್ಲಿ ಸರಿ ಇದೆ, ನಡುವೆ ಮೇಲೆ 6, ಕೆಳಗೆ 10 ಮಿ.ಮೀ. ಪ್ರಿಂಟ್ ಬಿಗಿ ಇದೆಯಲ್ಲ?

ಪ್ರಿಂಟ್ ನಿಂತಿದೆ, ಕೋರ್ ಬಗ್ಗಿದೆ. 8 ಇರಬೇಕಾದಲ್ಲಿ ನಡುಭಾಗ 2 ಮಿ.ಮೀ. ಮೇಲೆದ್ದಿದೆ. ತುದಿಗಳಲ್ಲೂ ಇದೇ ವ್ಯತ್ಯಾಸ ಇದ್ದಿದ್ದರೆ ಪ್ರಿಂಟ್ ಅನ್ನು ದೂರಬಹುದಿತ್ತು. ಹಾಗಾಗಿ ಗೋಡೆಯನ್ನು ಯಾವಾಗಲೂ ಕಡಿಮೆಯೆಂದರೆ ಮೂರು ಕಡೆ ಅಳೆಯಿರಿ.

## ಇನ್ನೂ ಮುಂದಕ್ಕೆ

ಉದ್ದ, ತೆಳು ಕೋರ್ ಬಗ್ಗದಂತೆ ಏನು ಮಾಡಬೇಕು?

ಒಳಗೆ ಉಕ್ಕಿನ ಸರಳು ಅಥವಾ ಪೈಪ್ ಕೊಡಿ. ತೂತು ಮಾಡಿದ ಪೈಪ್ ಆದರೆ ಬಲವೂ ಅದೇ, ಗ್ಯಾಸ್ ದಾರಿಯೂ ಅದೇ. ಸರಳು ಪ್ರಿಂಟ್‌ನ ಕೊನೆಯವರೆಗೂ ಹೋಗಬೇಕು, ಹೊಟ್ಟೆಯಲ್ಲೇ ನಿಂತರೆ ಕೋರ್ ಮುರಿಯುವುದು ಸರಳು ಮುಗಿದಲ್ಲಿ. ಖಾಲಿ ಇದ್ದಾಗ ಕೋರ್ ಕೆಳಗೆ ಜೋಲುತ್ತದೆ, ಲೋಹ ಬಂದಾಗ ಅದರ ಮೂರೂವರೆ ಪಟ್ಟು ಬಲದಿಂದ ಮೇಲಕ್ಕೆ ಬಾಗುತ್ತದೆ. ಬಾಗು ತಿರುಗುವುದರಿಂದ ಸರಳು ನಟ್ಟನಡುವೆ ಇರಲಿ. ಬಾಗುವ ಬಲ ಉದ್ದದ ವರ್ಗಕ್ಕೆ ತಕ್ಕಂತೆ ಏರುತ್ತದೆ. ನಡುವೆ ಒಂದು ಚಾಪ್ಲೆಟ್ ಬಂದರೆ ಆಧಾರವಿಲ್ಲದ ಉದ್ದ ಅರ್ಧ, ಬಾಗುವ ಬಲ ಕಾಲು.

ಅಲ್ಯೂಮಿನಿಯಂ, ಕಂಚು, ಉಕ್ಕಿಗೆ ಏನು ಬದಲಾಗುತ್ತೆ?

ಅಲ್ಯೂಮಿನಿಯಂನಲ್ಲಿ ಎತ್ತುವ ಬಲ ಕೋರ್ ತೂಕದ ಅರ್ಧ, ಮುಕ್ಕಾಲರ ನಡುವೆ ಮಾತ್ರ. ಹಾಗಾಗಿ ಜೋಲುವುದೂ ಅಷ್ಟೇ ದೊಡ್ಡ ಚಿಂತೆ. ಉಕ್ಕಿನ ಚಾಪ್ಲೆಟ್ ಅದರಲ್ಲಿ ಬೆರೆಯುವುದಿಲ್ಲ, ಅಲ್ಯೂಮಿನಿಯಂನದೇ ಬೇಕು. ಆದಷ್ಟೂ ಪ್ರಿಂಟ್‌ನಲ್ಲೇ ಮುಗಿಸಿ. ಹಿತ್ತಾಳೆ, ತಾಮ್ರದ ಜಾತಿಯ ಲೋಹಗಳಲ್ಲಿ ಬಲ ನಾಲ್ಕು ಪಟ್ಟು ದಾಟುತ್ತದೆ, ಚಾಪ್ಲೆಟ್ ಅದೇ ಜಾತಿಯ ಲೋಹದ್ದಿರಲಿ. ಉಕ್ಕಿನಲ್ಲಿ ಸುಮಾರು 3.9 ಪಟ್ಟು; ಲೋಹ ಅಷ್ಟು ಬಿಸಿ ಇರುವುದರಿಂದ ಕಡ್ಡಿ ಬೇಗ ಕರಗುವ ಭಯ, ದಪ್ಪ ಬೇಕು. ಸ್ಟೇನ್‌ಲೆಸ್ ಎರಕಕ್ಕೆ ಸ್ಟೇನ್‌ಲೆಸ್ ಚಾಪ್ಲೆಟ್ಟೇ ಇಡಿ, ಇಲ್ಲದಿದ್ದರೆ ತುಕ್ಕು ಅಲ್ಲಿಂದಲೇ ಶುರು.

ಮೇಣದಚ್ಚಿನಲ್ಲಿ ಟೊಳ್ಳು ಕಂಚಿನ ಮೂರ್ತಿ ಮಾಡುವಾಗ ಪ್ರಿಂಟ್ ಎಲ್ಲಿಂದ ತರೋದು?

ಅಲ್ಲಿ ಪಿನ್. ಮೇಣದ ಹೊರಗಿನಿಂದ ಒಳಗಿನ ಕೋರ್‌ಗೆ ಉಕ್ಕಿನ ಮೊಳೆ ಚುಚ್ಚಿ, ಅರ್ಧ ಹೊರಗೆ ಬಿಡುತ್ತಾರೆ. ಹೊರ ಅಚ್ಚು ಹಾಕಿದಾಗ ಆ ಅರ್ಧ ಅದರಲ್ಲಿ ಹಿಡಿದುಕೊಳ್ಳುತ್ತದೆ. ಮೇಣ ಕರಗಿ ಹೋದ ಮೇಲೆ ಕೋರ್ ಪಿನ್‌ಗಳ ಮೇಲೆ ನಿಲ್ಲುತ್ತದೆ. ಎರಕ ಆದ ಮೇಲೆ ಪಿನ್ ಕಿತ್ತು ತೂತಿಗೆ ಅದೇ ಕಂಚಿನ ಬಿರಡೆ ಬಡಿದು ನಯ ಮಾಡಬೇಕು. ಪಿನ್‌ಗಳನ್ನು ಒಂದೇ ಮಟ್ಟದಲ್ಲಿ ಚುಚ್ಚಬೇಡಿ, ಬೇರೆ ಬೇರೆ ದಿಕ್ಕಿನಿಂದ ಬರಲಿ.

ಕೋರ್ ಚೆನ್ನಾಗಿ ನಿಲ್ಲಿಸಿದೆವು, ಈಗ ಮೇಲ್ಬಾಕ್ಸೇ ಎದ್ದು ಲೋಹ ಸೋರಿತು. ಇದಕ್ಕೂ ಕೋರ್‌ಗೂ ಸಂಬಂಧ ಇದೆಯಾ?

ಇದೆ. ನೀವು ತಡೆದ ಎತ್ತುವ ಬಲ ಮಾಯವಾಗಲಿಲ್ಲ, ಪ್ರಿಂಟ್ ಮತ್ತು ಚಾಪ್ಲೆಟ್ ಮೂಲಕ ಮೇಲ್ಬಾಕ್ಸ್‌ಗೆ ಹೋಯಿತು. ಮೇಲ್ಬಾಕ್ಸ್ ಮುಖಕ್ಕೆ ತಾಗುವ ಲೋಹದ ಹರವು 40 × 30 ಸೆಂ.ಮೀ., ಅದರ ಮೇಲೆ ಲೋಹದ ಎತ್ತರ 15 ಸೆಂ.ಮೀ. ಎಂದರೆ 126 ಕೆ.ಜಿ. ಮೇಲಕ್ಕೆ. ಕೋರ್‌ನ 50 ಸೇರಿಸಿ 176. ಹೊಯ್ಯುವ ರಭಸಕ್ಕೆ ಒಂದೂವರೆ ಪಟ್ಟು ಹಿಡಿದರೆ 264. ಮೇಲ್ಬಾಕ್ಸ್‌ನ ಮರಳು, ಚೌಕಟ್ಟು ಸೇರಿ 90 ಕೆ.ಜಿ. ಇದ್ದರೆ ಇನ್ನೂ 174 ಕೆ.ಜಿ. ತೂಕ ಹೇರಬೇಕು ಅಥವಾ ಕ್ಲ್ಯಾಂಪ್ ಹಾಕಬೇಕು. ತೂಕವನ್ನು ಬಾಕ್ಸ್‌ನ ಚೌಕಟ್ಟಿನ ಮೇಲೆ ಇಡಿ. ಬರೀ ಮರಳಿನ ಮೇಲಿಟ್ಟರೆ ಅದೇ ಚಾಪ್ಲೆಟ್ ಅನ್ನು ಒತ್ತಿ ಕೋರ್ ಒಡೆಯುತ್ತದೆ.

ಚಾಪ್ಲೆಟ್ ಪೂರ್ತಿ ಬಿಟ್ಟುಬಿಡೋಕೆ ದಾರಿ ಇದೆಯಾ?

ಬಹಳ ಸಲ ಇದೆ, ಆದರೆ ಅದು ಡ್ರಾಯಿಂಗ್ ಮಾಡುವವರೊಡನೆ ಕೂತು ಮಾತಾಡಿದರೆ ಮಾತ್ರ. ಎಂಜಿನ್ ಬ್ಲಾಕ್‌ನ ಬದಿಯಲ್ಲಿ ದುಂಡು ತಗಡಿನ ಮುಚ್ಚಳ ಬಡಿದಿರುವುದನ್ನು ನೋಡಿರುತ್ತೀರಿ. ನೀರಿನ ಜಾಕೆಟ್ ಕೋರ್‌ಗೆ ಬದಿಯಿಂದ ಪ್ರಿಂಟ್ ಕೊಡಲು, ಒಳಗಿನ ಮರಳು ತೆಗೆಯಲು ಬಿಟ್ಟ ತೂತುಗಳು ಅವು. ನಿಮ್ಮ ಎರಕದಲ್ಲೂ ಹೊಟ್ಟೆಯ ನಡುವೆ 40 ಮಿ.ಮೀ. ತೂತು ಒಂದನ್ನು ಗ್ರಾಹಕರು ಒಪ್ಪಿ, ಅದಕ್ಕೆ ಥ್ರೆಡ್ ಹಾಕಿ ಪ್ಲಗ್ ಕೂರಿಸಿದರೆ ಮೂರು ನಾಲ್ಕು ಚಾಪ್ಲೆಟ್ ಕಡಿಮೆಯಾಗಬಹುದು. ಎರಡು ಕೋರ್ ಒಂದಕ್ಕೊಂದು ಕಚ್ಚುವಂತೆ ಜೋಡಿಸಿ ಒಂದರ ಪ್ರಿಂಟ್ ಇನ್ನೊಂದನ್ನು ಹಿಡಿಯುವಂತೆ ಮಾಡುವುದು ಇನ್ನೊಂದು ದಾರಿ. ಮರಳು ಬದಲಿಸಿಯೂ ಬಲ ಇಳಿಸಬಹುದು: ಜಿರ್ಕಾನ್ ಅಥವಾ ಕ್ರೋಮೈಟ್ ಮರಳಿನ ಕೋರ್ ಲೀಟರಿಗೆ ಸುಮಾರು 2.8 ಕೆ.ಜಿ. ತೂಗುತ್ತದೆ, ಕಬ್ಬಿಣದಲ್ಲಿ ಎತ್ತುವ ಬಲ ಕೋರ್ ತೂಕದ ಒಂದೂವರೆ ಪಟ್ಟಿಗೆ ಇಳಿಯುತ್ತದೆ. 10 ಲೀಟರ್ ಅಳತೆಯ ಸಾದಾ ಕೋರ್‌ಗೆ 54 ಕೆ.ಜಿ. ಎತ್ತುವ ಕಡೆ ಅದೇ ಅಳತೆಯ ಇದಕ್ಕೆ 42. ಬೆಲೆ ಮಾತ್ರ ಬಹಳ ಹೆಚ್ಚು, ಇಡೀ ಕೋರ್‌ಗೆ ಹಾಕುವ ಮೊದಲು ಪ್ರಿಂಟ್ ದೊಡ್ಡದು ಮಾಡಲು ಬಾಕ್ಸ್‌ನಲ್ಲಿ ಜಾಗ ಉಳಿದಿದೆಯೇ ಎಂದು ಟೇಪ್ ಹಿಡಿದು ನೋಡಿ.